ಬನ್ನಿ ಮುರಿದ ಸಂಜೆ

ಇಲ್ಲಿಯವರು ಘಾಫ್ ಎನ್ನುವುದು ನಮ್ಮ ಬನ್ನಿಮರವನ್ನೇ. ಅದನ್ನು ಅವ್ವನಿಗೆ ಹೇಳಿದವಳು ನಾನೇ. ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು.

ದುಬೈನ ಸಮುದ್ರದಂಡೆಯ ಹೊಸ ಉದ್ಯಾನವೊಂದರಲ್ಲಿ ಗಿಡ ಬೆಳೆಸುವ ಕೆಲಸ ನನ್ನದು. ಈ ನೆಲದ್ದೇ ಮರವಾದರೂ ಘಾಫ್ ಸಸಿಗಳು ಉಪ್ಪುಗಾಳಿಗೆ ಸೊರಗುತ್ತಿದ್ದವು. ಬೇರು ಆಳಕ್ಕಿಳಿಯಲಿ ಎಂದು ನೀರು ಕಡಿಮೆ ಮಾಡಿದರೆ ಎಲೆ ಉದುರುತ್ತಿತ್ತು, ಹೆಚ್ಚು ಬಿಟ್ಟರೆ ಬೇರು ಮೇಲೆಯೇ ಉಳಿಯುತ್ತಿತ್ತು. ಗಿಡ ಸತ್ತರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ವೀಸಾ, ವೀಸಾ ಹೋದರೆ ಮಗಳ ಶಾಲೆ. ನಿದ್ದೆಯಲ್ಲೂ ಇದೇ ಭಯ.

ಹುಬ್ಬಳ್ಳಿಯಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಅವ್ವ, ವಿಜಯದಶಮಿಯ ಸಂಜೆ ಬನ್ನಿ ನೋಡಲೇಬೇಕೆಂದು ಹಟ ಹಿಡಿದಳು. ಅಲ್ ನಹ್ದಾದ ಮನೆಯಿಂದ ಕಾರಿನಲ್ಲಿ ಕರೆದುಕೊಂಡು ಹೋದೆ. ಸಸಿಗೆ ಕುಂಕುಮ ಹಚ್ಚಿ ಕೈಮುಗಿದಳು. ನಾನು ಹನಿ ನೀರಾವರಿಯ ಪೈಪು ನೋಡಿ ತಿರುಗುವಷ್ಟರಲ್ಲಿ ಅವಳ ಕೈಯಲ್ಲಿ ಒಂದು ಟೊಂಗೆ! ಅದೂ ಮೊದಲು ಚಿಗುರಿ ನನಗೆ ಧೈರ್ಯ ಕೊಟ್ಟಿದ್ದ ಸಸಿಯದ್ದೇ.

"ಅವ್ವಾ, ಏನ್ ಮಾಡ್ದಿ? ಈ ಗಿಡಾ ಮುರದ್ರ ಇಲ್ಲಿ ಕೇಸ್ ಆಗ್ತದ!"

"ಹಬ್ಬದ ದಿನಾ ಬನ್ನಿ ಹರ್ಕೊಂಡ್ರ ಎಂಥಾ ಕೇಸವಾ?"

ಕಂಬದ ಮೇಲೆ ಕ್ಯಾಮೆರಾ ಇತ್ತು. ಅಷ್ಟರಲ್ಲಿ ಸೆಕ್ಯುರಿಟಿಯವನ ಗಾಡಿಯೂ ನಮ್ಮತ್ತ ತಿರುಗಿತು. ಟೊಂಗೆಯನ್ನು ಅವ್ವನ ಸೆರಗಿನೊಳಗೆ ತುರುಕಿ, ಅವಳ ರಟ್ಟೆ ಹಿಡಿದು ನಿಂತೆ. ಏನೆಂದು ಹೇಳುವುದು? ವಯಸ್ಸಾದವಳು, ತಿಳಿಯಲಿಲ್ಲ ಎನ್ನಲೇ? ಗಾಡಿ ಪಕ್ಕಕ್ಕೇ ಬಂದು ನಿಂತಿತು. ಕಿಟಕಿ ಇಳಿಯಿತು.

"ಮೇಡಂ, ಖಲಾಸ್? ಗೇಟ್ ಬಂದ್ ಕರ್ನಾ ಹೈ."

ಕೆಲಸ ಮುಗಿಯಿತೇ ಅಂತ, ಗೇಟು ಹಾಕಬೇಕಂತೆ, ಅಷ್ಟೇ. ಹಿಡಿದ ರಟ್ಟೆ ಬಿಡದೆ ಅವ್ವನನ್ನು ಕಾರಿನತ್ತ ನಡೆಸಿದೆ.

ಕಾರಿನಲ್ಲಿ ಅವ್ವ ತನ್ನ ರಟ್ಟೆ ನೋಡಿಕೊಂಡಳು. ನನ್ನ ಬೆರಳುಗಳು ಅಲ್ಲಿ ಕೆಂಪಗೆ ಮೂಡಿದ್ದವು.

"ಫೋನಿನ್ಯಾಗ ದಿನಾ ಆರಾಮದೀನಿ ಅಂತಿದ್ದಿಯಲ್ಲಾ," ಎಂದಳು.

ಪ್ರತಿ ವರ್ಷ ಬನ್ನಿ ಕೊಟ್ಟು "ಬಂಗಾರದಂಗ ಇರೂಣು" ಎನ್ನುವವಳು ಈ ಸಲ ಸೆರಗು ಬಿಚ್ಚಿ, ಎರಡು ಎಲೆ ನನ್ನ ಮಡಿಲಿಗಿಟ್ಟಳು.

"ಬಂಗಾರ ಇರ್ಲಿ ಬಿಡವಾ. ಹೆದರಿಕಿ ಇಲ್ದಂಗ ಇರು."

ಆಯಿತು ಎಂದು ತಲೆಯಾಡಿಸಿದೆ. ಆದರೂ ಮನೆ ಮುಟ್ಟುವವರೆಗೆ ಕನ್ನಡಿಯಲ್ಲಿ ಹಿಂದಿನ ಗಾಡಿಗಳನ್ನು ನೋಡುತ್ತಲೇ ಇದ್ದೆ.