ಬ್ರ್ಯಾಕೆಟ್ಟಿನ ಹೊರಗಿನ ಮೈನಸ್

ಅಥವಾ ಆ ದಿನ x ಬೆಲೆ ಮೈನಸ್ ಎರಡು ಬೈ ಮೂರು ಆಗಿರಲಿಲ್ಲವೇನೋ. ಬೇರೆ ಯಾವುದೋ ಭಿನ್ನರಾಶಿ ಇದ್ದೀತು — ನೆನಪು ತನಗೆ ಬೇಕಾದ ಅಂಕಿಯನ್ನು ಬರೆದುಕೊಂಡಿರಬಹುದು. ಆದರೆ ಸುವರ್ಣಾ, ನಿನ್ನ ಉತ್ತರ ಸರಿಯಿತ್ತು. ಅದು ನನಗೆ ಅವತ್ತು ಸಂಜೆಯೇ ಗೊತ್ತಾಯಿತು. ಮುಚ್ಚಿಟ್ಟೆ.

ಔರಾದ ಶಹಾಜನಿ ಊರಿನ ಶಾಲೆಯ ಏಳನೆಯ ತರಗತಿ. ಹಲಗೆಯ ಮೇಲೆ −x². ‘x ಇದ್ದಲ್ಲಿ ಮೊದಲು ಬ್ರ್ಯಾಕೆಟ್ ಹಾಕಿ, ಆಮೇಲೆ ಒಳಗೆ ಸಂಖ್ಯೆ ಇಡಿ’ ಎಂದು ಕಲಿಸಿದವನು ನಾನೇ. ಅವಸರದಲ್ಲಿ ಒಳಗಿನ ಮೈನಸ್ಸನ್ನೂ ಹೊರಗಿನದನ್ನೂ ಒಂದಕ್ಕೊಂದು ಹೊಡೆದುಹಾಕಿ, ಪ್ಲಸ್ ನಾಲ್ಕು ಬೈ ಒಂಬತ್ತು ಎಂದು ಬರೆದೆ.

“ಸರ್, ಹೊರಗಿನ ಮೈನಸ್ ಬ್ರ್ಯಾಕೆಟ್‌ನಾಗ ಇಲ್ಲರೀ. ಅದಕ್ಕ ವರ್ಗ ಆಗಂಗಿಲ್ಲ,” ಅಂದೆ ನೀನು.

ಹಿಂದಿನ ಬೆಂಚಿನಿಂದ ಯಾರೋ, “ಸರ್‌ಕಿಂತ ಶಾಣ್ಯಾಕಿ ಬಂದಾಳ ನೋಡಲೇ,” ಅಂದರು. ಎಲ್ಲರೂ ನಕ್ಕರು. ಆ ನಗು ಇಲ್ಲದಿದ್ದರೆ — ಇಲ್ಲ, ಹಾಗೆ ಹೇಳಬಾರದು.

ಸೂತ್ರವನ್ನು ಇಡೀ ತರಗತಿ ಒಂದೇ ದನಿಯಲ್ಲಿ ಕೂಗಬೇಕು. ಒಬ್ಬರು ಬಾಯಿ ಬಿಡದಿದ್ದರೂ ಮತ್ತೆ ಮೊದಲಿನಿಂದ — ಅದು ನನ್ನ ಪದ್ಧತಿ. ನಿನ್ನನ್ನು ಹಲಗೆಯ ಪಕ್ಕ ನಿಲ್ಲಿಸಿದೆ. “ಮೈನಸ್ ಮೈನಸ್ ಪ್ಲಸ್.” ಗಂಟೆ ಹೊಡೆಯುವ ತನಕ ಕೂಗಿದರು. ನೀನು ಕೂಗಲಿಲ್ಲ.

ಉದಗೀರದ ವಸತಿಶಾಲೆಯ ಪರೀಕ್ಷೆಗೆ ನಮ್ಮ ಶಾಲೆಯಿಂದ ಒಂದೇ ಹೆಸರು ಕಳಿಸಬೇಕಿತ್ತು. ನಿನ್ನದು ಬರೆದಾಗಿತ್ತು. ಅವತ್ತೇ ಅದನ್ನು ಕಾಟು ಹಾಕಿ ಬೇರೊಂದು ಬರೆದೆ. ಸಂಜೆ ಮನೆಯಲ್ಲಿ ಲೆಕ್ಕವನ್ನು ಮತ್ತೆ ಮಾಡಿದೆ — ಮೈನಸ್ ನಾಲ್ಕು ಬೈ ಒಂಬತ್ತು. ಹೆಸರಿನ ಕಾಗದ ಇನ್ನೂ ನನ್ನ ಚೀಲದಲ್ಲೇ ಇತ್ತು. ಬೆಳಿಗ್ಗೆ ಹಾಗೆಯೇ ಕೊಟ್ಟೆ. ದೀಪಾವಳಿ ರಜೆಯ ನಂತರ ನೀನು ಶಾಲೆಗೆ ಬರಲಿಲ್ಲ.

ಈಗಲೂ ಅದೇ ಕೋಣೆ. ಮಕ್ಕಳು ಕೂಗುತ್ತಾರೆ, ನನಗೆ ಕೇಳುವುದು ಆ ಕೂಗಲ್ಲ — ಅದರ ನಡುವೆ ಒಂದು ಬಾಯಿ ಮುಚ್ಚಿರುವುದು. ಮೊನ್ನೆ ತಡೆಯಲಾಗದೆ, ಒಬ್ಬೊಬ್ಬರ ತುಟಿ ನೋಡುತ್ತ ಮತ್ತೆ ಕೂಗಿಸಿದೆ. ಎಲ್ಲರ ತುಟಿಯೂ ಅಲುಗುತ್ತಿತ್ತು.

“ಯಾರು ಸುಮ್ಮನದೀರಿ?” ಎಂದೆ.

ಮುಂದಿನ ಬೆಂಚಿನ ಹುಡುಗಿ ನನ್ನ ಬೆನ್ನ ಹಿಂದೆ, ಹಲಗೆಯ ಪಕ್ಕ ಎಲ್ಲೋ ನೋಡುತ್ತ, “ಕುಂತವರೆಲ್ಲಾ ಅಂದೇವ್ರೀ ಸರ್,” ಎಂದಳು.

ನಾನು ತಿರುಗಿ ನೋಡಲಿಲ್ಲ.

ಇವತ್ತು ಆ ಲೆಕ್ಕವನ್ನೇ ಹಲಗೆಯ ಮೇಲೆ ಬರೆದೆ. ನಿನ್ನ ಹೆಸರು ಹೇಳಿ, ತಪ್ಪು ನನ್ನದು ಎಂದೆ. ಮಕ್ಕಳು ಲೆಕ್ಕವನ್ನು ಪುಸ್ತಕದಲ್ಲಿ ಬರೆದುಕೊಂಡರು. ಶಾಲೆ ಬಿಟ್ಟ ಮೇಲೆ ನೀನು ಎಲ್ಲಾದರೂ ಓದಿದೆಯಾ, ಈಗ ಎಲ್ಲಿದ್ದೀ, ಇದ್ದೀಯಾ — ನನಗೆ ಗೊತ್ತಿಲ್ಲ. ಕೇಳಲು ನಿಮ್ಮ ಮನೆಗೆ ನಾನು ಒಂದು ಸಲವೂ ಹೋಗಿಲ್ಲ.