ಕೊಡೆಯ ಮೇಲಿನ ಕೆಂಪು ಗೆರೆ

ಆಂಟಿಯ ಕಪ್ಪು ಕೊಡೆಯ ತುದಿಯಿಂದ ಗೇಣಿಗೆ ತುಸು ಕಡಿಮೆ ಎತ್ತರದಲ್ಲಿ, ಉಗುರಿನ ಬಣ್ಣದಿಂದ ಸುತ್ತಲೂ ಎಳೆದ ಒಂದು ಕೆಂಪು ಗೆರೆ ಇತ್ತು. ಜೋರು ಮಳೆಯಾಗಿ ಕಾರ್ ಪಾರ್ಕಿನ ಹೊರದಾರಿಯಲ್ಲಿ ನೀರು ನಿಂತ ದಿನ ಅವರು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಚಪ್ಪಲಿ ಬಿಟ್ಟು, ಆ ನೀರಿಗಿಳಿದು ಮುಚ್ಚಿದ ಕೊಡೆಯನ್ನು ನೆಟ್ಟಗೆ ಊರುತ್ತಿದ್ದರು. ಗೆರೆ ನೀರಿನ ಮೇಲಿದ್ದರೆ ಕಾರು ಹೊರಡುತ್ತಿತ್ತು. ಮುಳುಗಿದರೆ ಅಂದಿನ ಸವಾರಿ ರದ್ದು. ಅರವತ್ತೇಳು ವರ್ಷದ ಹೆಂಗಸೊಬ್ಬರು ಕೊಡೆ ಹಿಡಿದೂ ತೊಯ್ಯುತ್ತ ನಿಂತಿರುವುದನ್ನು ಕಂಡು ಕೆಳಮಹಡಿಯ ನೆರೆಯವನೊಬ್ಬ ಪ್ರತಿ ಸಲ ಸಿಂಗಪುರದ ಇಂಗ್ಲಿಷಿನಲ್ಲಿ ಕೂಗುತ್ತಿದ್ದ: “ಅಂಬ್ರೆಲ್ಲಾ ಗೋಸ್ ಆನ್ ದ ಹೆಡ್ ಲಾ, ಆಂಟಿ!” ಆಂಟಿ ತಿರುಗಿಯೂ ನೋಡದೆ ನನಗೆ ಹೇಳುತ್ತಿದ್ದರು: “ತಲೆ ಒಣಗುತ್ತೆ ಕಣೇ. ಇಂಜಿನ್ ಒಣಗಲ್ಲ.”

ಇದು 2010ರ ದಶಕದ ನಡುವಿನ ಮಾತು. ಸೆಂಗ್‌ಕಾಂಗ್ ಬಡಾವಣೆಯ ಒಂದು ವಸತಿ ಬ್ಲಾಕಿನಲ್ಲಿ ನಾನು ಕೋಣೆಯೊಂದನ್ನು ಬಾಡಿಗೆಗೆ ಹಿಡಿದಿದ್ದೆ. ಆಂಟಿ ಎರಡು ಮಹಡಿ ಮೇಲಿದ್ದರು. ಮೈಸೂರಿನಿಂದ ಇಪ್ಪತ್ತರ ಹರೆಯದಲ್ಲಿ ಬಂದು, ಮೂರು ದಶಕಗಳಿಗೂ ಹೆಚ್ಚು ಕಾಲ ಇಲ್ಲಿನ ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಐವತ್ತು ತುಂಬಿದ ವರ್ಷ ತಮಗೆ ತಾವೇ ಕೊಂಡುಕೊಂಡದ್ದು ಆ ಕಾರು: ಎರಡೇ ಸೀಟಿನ, ಬಟ್ಟೆಯ ಮಾಡಿನ, ಕಡುಹಸಿರು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರು. ಗುಂಡಿ ಒತ್ತಿದರೆ ಅದರ ಮುಂದಿನ ದೀಪಗಳು ಮುಚ್ಚಳ ಎತ್ತಿಕೊಂಡು ಮೇಲೇಳುತ್ತಿದ್ದವು. ಎಡಗಡೆಯದು ಮಾತ್ರ ತಡವಾಗಿ ಏಳುತ್ತಿತ್ತು. ಹತ್ತು ವರ್ಷ ತುಂಬಿದ ಕಾರನ್ನು ಸಾಮಾನ್ಯವಾಗಿ ಗುಜರಿಗೆ ಕಳಿಸಿಬಿಡುವ ಊರಿನಲ್ಲಿ ಅವರು ಕಾರು ಇಟ್ಟುಕೊಳ್ಳುವ ಸರ್ಕಾರಿ ಅನುಮತಿಯನ್ನು ನವೀಕರಿಸಿಕೊಂಡು ಅದನ್ನು ಉಳಿಸಿಕೊಂಡಿದ್ದರು. “ನಮ್ಮಪ್ಪ ನನಗೆ ಸೈಕಲ್ ಮುಟ್ಟೋಕೂ ಬಿಟ್ಟಿರ್ಲಿಲ್ಲ” ಎಂದು ಒಮ್ಮೆ ಹೇಳಿದ್ದರು. ಆ ಒಂದು ವಾಕ್ಯ ಮುಂದೆ ನನ್ನ ಬಾಯಿ ಕಟ್ಟಿತು.

ಸಿಂಗಪುರಕ್ಕೆ ಚಳಿಗಾಲವಿಲ್ಲ. ನವೆಂಬರಿನಿಂದ ಜನವರಿಯವರೆಗೆ ಸುರಿಯುವ ಮಳೆಯನ್ನೇ ಆಂಟಿ ಚಳಿಗಾಲವೆಂದು ಕರೆಯುತ್ತಿದ್ದರು. “ಬೇರೆ ದೇಶದಲ್ಲಿ ಗಾಡಿಗಳಿಗೆ ಐಸು, ರೋಡಿಗೆ ಹಾಕೋ ಉಪ್ಪು. ನಮ್ಮದಕ್ಕೆ ಇದು. ತುಕ್ಕು ಎಲ್ಲಾ ಕಡೆ ಒಂದೇ.” ಅಕ್ಟೋಬರ್ ಮುಗಿಯುತ್ತಲೇ ಸಿದ್ಧತೆ ಶುರು. ಬಟ್ಟೆಯ ಮಾಡಿನ ನೀರು ಹೊರಹೋಗುವ ಕಿರುರಂಧ್ರಗಳಿಗೆ ತೆಂಗಿನ ಪೊರಕೆಯ ಕಡ್ಡಿ ತೂರಿಸಿ ಎಲೆಯ ಚೂರುಗಳನ್ನು ತೆಗೆಯುತ್ತಿದ್ದರು. ಬಾಗಿಲಂಚಿನ ರಬ್ಬರಿಗೆ ಟಾಲ್ಕಂ ಪೌಡರ್ ಹಚ್ಚುತ್ತಿದ್ದರು. ಹಳೆಯ ಕಾಲುಚೀಲಗಳಲ್ಲಿ ಇದ್ದಿಲು ತುಂಬಿ, ತೇವ ಹೀರಲೆಂದು ಸೀಟಿನ ಕೆಳಗೆ ಇಡುತ್ತಿದ್ದರು. ಪ್ಲಾಸ್ಟಿಕ್ ಹೊದಿಕೆಯನ್ನು ಹತ್ತಿರ ಸೇರಿಸುತ್ತಿರಲಿಲ್ಲ: “ಒಳಗೊಳಗೇ ಬೆವೆತು ಸಾಯುತ್ತೆ.” ಎಲ್ಲಕ್ಕಿಂತ ಮುಖ್ಯವಾದ ನಿಯಮ, ವಾರಕ್ಕೊಮ್ಮೆಯಾದರೂ ಇಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸಬೇಕು. ನಿಂತೇ ಇದ್ದರೆ ಬ್ಯಾಟರಿ ಕೆಡುತ್ತದೆ, ಹೊಗೆಕೊಳವೆಯಲ್ಲಿ ನೀರು ಉಳಿಯುತ್ತದೆ. ಹೀಗಾಗಿ ಮಳೆಯಿರಲಿ ಬಿಡಲಿ, ಶನಿವಾರ ಬೆಳಿಗ್ಗೆ ಸವಾರಿ.

ಆ ಸವಾರಿಯ ಎಡಸೀಟು ನನ್ನದಾಯಿತು. ನಮ್ಮದೊಂದು ಚಿಕ್ಕ ಸ್ವಯಂಸೇವಕರ ಗುಂಪು ಶನಿವಾರಗಳಂದು ಕಾಕಿ ಬುಕಿತ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ವಲಸೆ ಕಾರ್ಮಿಕರನ್ನು ಭೇಟಿಯಾಗುತ್ತಿತ್ತು. ಅವರನ್ನು ಕೆಲಸದ ಜಾಗಕ್ಕೆ ಲಾರಿಗಳ ಹಿಂಬದಿಯಲ್ಲಿ, ಸೀಟಿಲ್ಲದೆ, ಬೆಲ್ಟಿಲ್ಲದೆ, ಸರಕಿನಂತೆ ಒಯ್ಯಲಾಗುತ್ತಿತ್ತು. ಕಾನೂನು ಅದಕ್ಕೆ ಅವಕಾಶ ಕೊಟ್ಟಿತ್ತು. ಅದು ಅನ್ಯಾಯವೆಂದು ನಾನು ಪತ್ರಗಳನ್ನು ಬರೆಯುತ್ತಿದ್ದೆ, ಸಹಿ ಸಂಗ್ರಹಿಸುತ್ತಿದ್ದೆ. ತಪ್ಪನ್ನು ತಪ್ಪೆಂದು ಹೆಸರಿಟ್ಟು ಕರೆಯಬೇಕೆಂದು ಕಲಿಸಿದ ಶಾಲೆಯಲ್ಲಿ ಓದಿದವಳು ನಾನು; ಆ ಪಾಠವನ್ನು ಈಗಲೂ ನಂಬುತ್ತೇನೆ. ಆಂಟಿ ನನ್ನನ್ನು “ಲೀಡರಮ್ಮ” ಎಂದು ಛೇಡಿಸುತ್ತಿದ್ದರು. “ಬಾ, ನಿನ್ನನ್ನ ಕ್ರಾಂತಿಗೆ ಡ್ರಾಪ್ ಮಾಡ್ತೀನಿ. ಗಾಡಿನೂ ಬಿಸಿ ಆಗುತ್ತೆ.”

ಮೊದಮೊದಲು ನನಗಿದ್ದದ್ದು ಕೇವಲ ಕಾರಿನ ಭಯ. ಅದರಲ್ಲಿ ಕುಳಿತರೆ ರಸ್ತೆ ಕೈಗೆಟಕುವಷ್ಟು ಹತ್ತಿರ; ಪಕ್ಕದ ಬಸ್ಸಿನ ಚಕ್ರ ನನ್ನ ಕಿವಿಯ ಮಟ್ಟಕ್ಕೆ ಬರುತ್ತಿತ್ತು. ಕ್ರಮೇಣ ಬೇರೊಂದು ಭಯ ಸೇರಿಕೊಂಡಿತು. ಸೆಪ್ಟೆಂಬರಿನಲ್ಲಿ ಒಂದು ಸಂಜೆ ಅವರ ಮನೆಯಲ್ಲಿ, ಎಡಪಕ್ಕದಲ್ಲಿಟ್ಟಿದ್ದ ಕಾಫಿ ಲೋಟಕ್ಕೆ ಅವರ ಮೊಣಕೈ ತಗುಲಿ ಉರುಳಿತು. ಮರುದಿನವೂ ಉರುಳಿತು. ಫ್ರಿಜ್ಜಿನ ಬಾಗಿಲಲ್ಲಿ, ಸಾರಿನ ಪುಡಿಯ ಡಬ್ಬಿಯ ಪಕ್ಕ, ಕಣ್ಣಿಗೆ ಹಾಕುವ ಹನಿಯ ಮೂರು ಪುಟ್ಟ ಬಾಟಲಿಗಳಿದ್ದವು. ಕೇಳಿದ್ದಕ್ಕೆ, “ಪ್ರೆಶರ್ ಅಂತೆ ಕಣ್ಣಲ್ಲಿ. ಚಾರ್ಟ್ ಎಲ್ಲಾ ಓದಿಬಿಟ್ಟೆ, ಕೊನೇ ಲೈನ್‌ವರೆಗೂ” ಎಂದರು. ಅದು ಸುಳ್ಳಲ್ಲ. ಆ ಕಾಯಿಲೆ ಎದುರಿನ ಅಕ್ಷರಗಳನ್ನು ಬಿಟ್ಟುಕೊಟ್ಟು ಪಕ್ಕದ ನೋಟವನ್ನು ಅಂಚಿನಿಂದ ತಿನ್ನುತ್ತ ಬರುತ್ತದೆ ಎಂಬುದನ್ನು ನಾನು ಆಮೇಲೆ ಓದಿ ತಿಳಿದೆ.

ಅಷ್ಟರಲ್ಲಾಗಲೇ ಕಾರಿನಲ್ಲಿ ಒಂದು ಆಟ ಆರಂಭವಾಗಿತ್ತು. ಲೇನ್ ಬದಲಿಸುವ ಮುನ್ನ ಅವರು ಹಗುರಾದ ದನಿಯಲ್ಲಿ ಕೇಳುತ್ತಿದ್ದರು: “ಎಡಗಡೆ ಏನಿದೆ ಹೇಳೇ.” ನಾನು ಹೇಳುತ್ತಿದ್ದೆ: ಟ್ಯಾಕ್ಸಿ, ಬೈಕು, ಏನೂ ಇಲ್ಲ. ನವೆಂಬರಿನ ಹೊತ್ತಿಗೆ ಅದು ಆಟವಾಗಿ ಉಳಿದಿರಲಿಲ್ಲ. ಅವರ ಎಡಗಣ್ಣು ನಾನಾಗಿದ್ದೆ. ಸವಾರಿಯುದ್ದಕ್ಕೂ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಆದರೂ ನಾನು ಹೇಳಲಿಲ್ಲ. ಕಾರಣವನ್ನು ಇಂದು ಮುಚ್ಚಿಡಲಾರೆ. ಹೆಣ್ಣೊಬ್ಬಳು ಐವತ್ತು ವರ್ಷ ಕಾದು ಪಡೆದ ಕೀಲಿಯನ್ನು ಅವಳ ಕೈಯಿಂದ ಕಸಿಯುವುದು ಆಂಟಿಯ ತಂದೆ ಮಾಡಿದ ಕೆಲಸವನ್ನೇ ಮುಂದುವರಿಸಿದಂತೆ ಎಂದು ನಾನು ವಾದಿಸಿಕೊಂಡೆ. ವಾದ ಚೆನ್ನಾಗಿತ್ತು. ಅದರ ಹಿಂದೆ ಇದ್ದದ್ದು ಮಾತ್ರ ಬರಿಯ ಹೆದರಿಕೆ: ಈ ಊರಿನಲ್ಲಿ ನನ್ನನ್ನು ‘ಕಣೇ’ ಎಂದು ಕರೆಯುತ್ತಿದ್ದ ಏಕೈಕ ಜೀವ ಬಾಗಿಲು ಹಾಕಿಕೊಂಡರೆ ಎಂಬ ಹೆದರಿಕೆ.

ಡಿಸೆಂಬರಿನ ಒಂದು ಶನಿವಾರ ಕೊಡೆಯ ಗೆರೆ ನೀರಿನ ಮೇಲೆಯೇ ಇತ್ತು, ಹೊರಟೆವು. ಎಕ್ಸ್‌ಪ್ರೆಸ್‌ವೇ ತಲುಪುವಷ್ಟರಲ್ಲಿ ಮಳೆ ಬಿಳಿಯ ಗೋಡೆಯಾಗಿತ್ತು. ವೈಪರ್ ಒರೆಸಿದ ಕ್ಷಣವಷ್ಟೇ ರಸ್ತೆ ಕಾಣುತ್ತಿತ್ತು. ಮಾಡಿನ ಬಟ್ಟೆಯ ಮೇಲೆ ಮಳೆಯ ಸದ್ದು ಎಷ್ಟಿತ್ತೆಂದರೆ ಆಂಟಿ ಆ ದಿನ ಪ್ರಶ್ನೆ ಕೇಳಿದರೋ ಇಲ್ಲವೋ, ನನಗೆ ಕೇಳಿಸಲಿಲ್ಲ.

ಎಡಗಡೆಯ ಕೂಡುರಸ್ತೆಯಿಂದ ಒಂದು ಲಾರಿ ಇಂಡಿಕೇಟರ್ ಹಾಕಿಕೊಂಡು ನಮ್ಮ ಲೇನಿನತ್ತ ಬರುತ್ತಿತ್ತು. ಅದರ ದೀಪ ಮಿನುಗುವುದನ್ನು ನಾನು ನೋಡುತ್ತಲೇ ಇದ್ದೆ. ಆಂಟಿಯೂ ನೋಡಿರಬೇಕು, ಈಗ ನಿಧಾನಿಸುತ್ತಾರೆ ಎಂದುಕೊಂಡೆ. ಅವರು ನಿಧಾನಿಸಲಿಲ್ಲ. ಲಾರಿಯ ಹಿಂಬದಿಯಲ್ಲಿ ನೀಲಿ ಟಾರ್ಪಾಲಿನ ಅಡಿ ಎಂಟೊಂಬತ್ತು ಮಂದಿ ಮುದುರಿ ಕುಳಿತಿದ್ದರು. ಒಬ್ಬ ತನ್ನ ಊಟದ ಪೊಟ್ಟಣ ನೆನೆಯದಿರಲೆಂದು ಅಂಗಿಯೊಳಗೆ ಇಟ್ಟುಕೊಂಡಿದ್ದ. ಲಾರಿಯ ತಳ ನನ್ನ ಕಿಟಕಿಯ ಎತ್ತರಕ್ಕಿತ್ತು. ಅಂಗಿಯೊಳಗೆ ಪೊಟ್ಟಣವಿದ್ದವನ ಕಣ್ಣು ನನ್ನ ಕಣ್ಣನ್ನು ಸಂಧಿಸಿತು. ನಾವು ನಿಲ್ಲುವುದಿಲ್ಲವೆಂದು ಅವನಿಗೆ ನನಗಿಂತ ಮೊದಲೇ ತಿಳಿಯಿತು. ಅವನು ಪಕ್ಕದವನ ತೋಳು ಹಿಡಿದುಕೊಂಡ.

“ಆಂಟಿ! ಎಡಗಡೆ! ಎಡಗಡೆ!”

ಅವರು ಬ್ರೇಕನ್ನು ತುಳಿಯಲಿಲ್ಲ. ತುಳಿದಿದ್ದರೆ ನಾವು ಜಾರಿ ಲಾರಿಯಡಿಗೇ ಹೋಗುತ್ತಿದ್ದೆವು. ಕಾಲು ಮೇಲೆತ್ತಿ, ಸ್ಟೀರಿಂಗನ್ನು ಬಲಕ್ಕೆ ಕೊಂಚವೇ ತಿರುಗಿಸಿದರು. ಕಾರಿನ ಹಿಂಬದಿ ನೀರಿನ ಮೇಲೆ ಒಮ್ಮೆ ತೇಲಿ, ಮತ್ತೆ ನೆಲ ಹಿಡಿಯಿತು. ಬಲಗಡೆ ಆ ಗಳಿಗೆಯಲ್ಲಿ ಯಾವ ವಾಹನವೂ ಇರಲಿಲ್ಲ. ಅದು ನಮ್ಮ ಅದೃಷ್ಟವೇ ಹೊರತು ಜಾಣ್ಮೆಯಲ್ಲ. ಲಾರಿ ಮುಂದೆ ಸಾಗಿತು. ಟಾರ್ಪಾಲಿನಡಿಯ ಮುಖಗಳು ನಮ್ಮನ್ನೇ ನೋಡುತ್ತ ಮಳೆಯಲ್ಲಿ ಮಸುಕಾದವು.

ಕಾಕಿ ಬುಕಿತ್‌ನಲ್ಲಿ, ಅವರ ಪರಿಚಯದ ಗ್ಯಾರೇಜಿನ ತಗಡಿನ ಚಾವಣಿಯಡಿ ಆಂಟಿ ಕಾರು ನಿಲ್ಲಿಸಿದರು. ಇಂಜಿನ್ ಆರಿಸಿದ ಮೇಲೂ ಅವರ ಕೈ ಸ್ಟೀರಿಂಗನ್ನು ಬಿಡಲಿಲ್ಲ.

“ಇಂಡಿಕೇಟರ್ ಹಾಕದೆ ಬಂದುಬಿಟ್ಟ ನೋಡು” ಎಂದರು.

ಲಾರಿಯ ಮುಂದೆ ಆಗದಷ್ಟು ಭಯ ಈಗ ಆಯಿತು.

“ಹಾಕಿದ್ದ, ಆಂಟಿ. ತುಂಬ ಹೊತ್ತಿನಿಂದ ಹಾಕಿದ್ದ. ನಿಮಗೆ ಎಡಗಡೆ ಕಾಣಿಸ್ತಿಲ್ಲ. ನೀವು ಇನ್ನು ಓಡಿಸಬಾರದು.”

“ಯಾವಾಗಿಂದ ಗೊತ್ತು ನಿನಗೆ?”

“ಸೆಪ್ಟೆಂಬರಿಂದ.”

“ಮೂರು ತಿಂಗಳು! ಊರಿಗೆಲ್ಲ ಲೆಟರ್ ಬರೀತೀಯ. ಎರಡು ಫ್ಲೋರ್ ಮೇಲಿರೋಳಿಗೆ ಒಂದು ಮಾತು ಹೇಳಕ್ಕಾಗ್ಲಿಲ್ವಾ?”

“ನಿಮಗೂ ಗೊತ್ತಿತ್ತಲ್ಲ.”

“ಗೊತ್ತಿತ್ತು.” ಅವರ ದನಿ ಕುಗ್ಗಿತು. “ನಾನಾಗೇ ಬಿಡೋಕೆ ಧೈರ್ಯ ಬರ್ಲಿಲ್ಲ ಕಣೇ. ಇವಳು ಯಾರಿಗೂ ಹೆದರಲ್ಲ, ಒಂದಿನ ಹೇಳೇ ಹೇಳ್ತಾಳೆ, ಅಲ್ಲೀವರೆಗೂ ಓಡಿಸೋಣ ಅಂದ್ಕೊಂಡೆ.”

ತಪ್ಪುಗಳನ್ನು ಹೆಸರಿಸಲೇಬೇಕು. ಮನುಷ್ಯರನ್ನು ಲಾರಿಯಲ್ಲಿ ಹೇರಲು ಬಿಟ್ಟ ಕಾನೂನಿನದು ಒಂದು ತಪ್ಪು. ತಮ್ಮ ಹೊಣೆಯನ್ನು ನನ್ನ ನಾಲಗೆಗೆ ವಹಿಸಿ ಕಾರು ಓಡಿಸಿದ್ದು ಆಂಟಿಯ ತಪ್ಪು. ಅವರನ್ನು ಎಷ್ಟು ಪ್ರೀತಿಸಿದರೂ ಅದನ್ನು ಚಿಕ್ಕದೆನ್ನಲಾರೆ. ಯಾರ ಜೀವಕ್ಕಾಗಿ ಸಹಿ ಸಂಗ್ರಹಿಸುತ್ತಿದ್ದೆನೋ ಅವರ ಲಾರಿಗೇ ಬಡಿಯಲಿದ್ದ ಕಾರಿನಲ್ಲಿ, ಎಲ್ಲ ತಿಳಿದೂ ಬಾಯಿ ಮುಚ್ಚಿ ಕುಳಿತದ್ದು ನನ್ನ ತಪ್ಪು. ಆ ದಿನ ನನ್ನ ಚೀಲದಲ್ಲಿ ಲಾರಿಗಳ ಸುರಕ್ಷತೆಯ ಕರಪತ್ರಗಳಿದ್ದವು.

ಕಾರನ್ನು ಅಲ್ಲಿಯೇ ಬಿಟ್ಟು ಬಸ್ಸಿನಲ್ಲಿ ಮರಳಿದೆವು. ಸೋಮವಾರ ಆಂಟಿ ತಾವೇ ಹೋಗಿ ಚಾಲನಾ ಪರವಾನಗಿಯನ್ನು ಒಪ್ಪಿಸಿ ಬಂದರು. ಹತ್ತು ದಿನ ನನ್ನೊಡನೆ ಮಾತಾಡಲಿಲ್ಲ. ಹನ್ನೊಂದನೆಯ ದಿನ ಬಾಗಿಲು ತಟ್ಟಿ ಕೀಲಿಯನ್ನು ನನ್ನ ಕೈಗಿಟ್ಟರು: “ಇನ್ಶೂರೆನ್ಸ್‌ಗೆ ನಿನ್ನ ಹೆಸರು ಸೇರಿಸಿದೀನಿ. ಲೈಸೆನ್ಸ್ ಇಟ್ಕೊಂಡು ಪೂಜೆ ಮಾಡ್ತಿದ್ದೀಯಾ?”

ನಮ್ಮೂರಿನ ಪರವಾನಗಿಯನ್ನು ಇಲ್ಲಿನದಕ್ಕೆ ಬದಲಿಸಿಕೊಂಡಿದ್ದೆನಾದರೂ ಈ ಊರಿನಲ್ಲಿ ಒಂದು ದಿನವೂ ಓಡಿಸಿರಲಿಲ್ಲ. ಮೊದಲ ಶನಿವಾರಗಳಂದು ನನ್ನ ಅಂಗೈ ಬೆವರಿ ಗೇರು ಜಾರುತ್ತಿತ್ತು. ಆಂಟಿ ಕೊಡೆಯನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಎಡಸೀಟಿನಲ್ಲಿ ಕೂರುತ್ತಿದ್ದರು. ನೀರು ದಾಟಿದೊಡನೆ, “ಬ್ರೇಕ್ ಮೆತ್ತಗೆ ಒತ್ತಿ ಒಣಗಿಸ್ಕೋ. ಮೆತ್ತಗೆ ಅಂದೆ! ಇರುವೆ ತುಳಿಯೋ ಹಾಗಲ್ಲ” ಎನ್ನುತ್ತಿದ್ದರು. ಪ್ರತಿ ತಿರುವಿನಲ್ಲೂ ಹಳೆಯ ಪ್ರಶ್ನೆ: “ಎಡಗಡೆ ಏನಿದೆ ಹೇಳೇ.” ಈಗ ಅದು ನನ್ನನ್ನು ಎಡಕ್ಕೆ ನೋಡಿಸಲು. ಹೀಗೆ ಎರಡು ಚಳಿಗಾಲ ಆ ಕಾರನ್ನು ದಾಟಿಸಿದೆವು. ನನ್ನ ಭಯ ಹೋಗಲಿಲ್ಲ. “ಹೋಗೋದೂ ಬೇಡ. ಭಯ ಹೋದವರ ಗಾಡೀಲಿ ನಾನು ಕೂರಲ್ಲ” ಎಂದಿದ್ದರು ಆಂಟಿ.

ಮೂರನೆಯ ಡಿಸೆಂಬರಿನಲ್ಲಿ ಅವರು ಯಿಶುನ್‌ನ ಆಸ್ಪತ್ರೆಯಲ್ಲಿದ್ದರು. ಶ್ವಾಸಕೋಶದ ಸೋಂಕು ಇಳಿಯಲಿಲ್ಲ. ಒಂದು ಮಧ್ಯಾಹ್ನ ವೈದ್ಯರು ನನ್ನನ್ನು ಹೊರಗೆ ಕರೆದು ಮಾತಾಡಿದರು. ನಾನು ಒಳಬಂದು ಹಾಸಿಗೆಯ ಎಡಗಡೆಯ ಕುರ್ಚಿಯಲ್ಲಿ ಕುಳಿತೆ.

ಕಣ್ಣು ತೆರೆಯದೆಯೇ ಕೇಳಿದರು: “ಎಡಗಡೆ ಏನಿದೆ ಹೇಳೇ.”

“ನಾನಿದೀನಿ, ಆಂಟಿ.”

“ಅದು ಗೊತ್ತು. ಡಾಕ್ಟರ್ ಏನಂದ್ರು?”

ಈ ಸಲ ನಾನು ಮೂರು ತಿಂಗಳು ತೆಗೆದುಕೊಳ್ಳಲಿಲ್ಲ.

“ಇನ್ನು ಕೆಲವೇ ದಿನ ಅಂದ್ರು.”

ಆಂಟಿ ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡರು. “ಗೆರೆ ಮುಳುಗ್ತು ಅನ್ನು” ಎಂದರು. “ಥ್ಯಾಂಕ್ಸ್ ಕಣೇ, ಲೀಡರಮ್ಮ. ಶನಿವಾರ ಗಾಡಿ ನಿಲ್ಲಿಸ್ಬೇಡ.”

ಗುರುವಾರ ಅವರು ತೀರಿಕೊಂಡರು. ಶನಿವಾರ ಬೆಳಿಗ್ಗೆ ಕಾರ್ ಪಾರ್ಕಿನ ಹೊರದಾರಿಯಲ್ಲಿ ನೀರು ನಿಂತಿತ್ತು. ಚಪ್ಪಲಿ ಬಿಟ್ಟು ಇಳಿದು ಕೊಡೆ ಊರಿದೆ. ಗೆರೆ ನೀರಿನಿಂದ ಎರಡು ಬೆರಳು ಮೇಲಿತ್ತು. ದೀಪದ ಗುಂಡಿ ಒತ್ತಿ, ತಡವಾಗಿ ಏಳುವ ಎಡದೀಪ ಏಳುವವರೆಗೆ ಕಾದು, ಖಾಲಿ ಸೀಟಿನಾಚೆ ಎಡಕ್ಕೆ ಚೆನ್ನಾಗಿ ನೋಡಿ, ಮೆತ್ತಗೆ ಕ್ಲಚ್ ಬಿಟ್ಟೆ.