ಸೊಟ್ಟ ಕಣ್ಣಿನ ನೀರುನಾಯಿಗಳು

ನಮ್ಮ ಮನೆಯ ಪಡಸಾಲೆಯಲ್ಲಿ ಜಪಾನಿನ ನೀರುನಾಯಿ ಮರಿಗಳನ್ನು ಹೊಲಿಯುತ್ತೇವೆ ಎಂದರೆ ರಬಕವಿಯಲ್ಲಿ ಇವತ್ತಿಗೂ ಅರ್ಧ ಊರು ನಗುತ್ತದೆ. ಸೀರೆ ನೇಯುವ ಊರಿನಲ್ಲಿ ಗೊಂಬೆ ಹೊಲಿಯುವುದೆಂದರೆ ಅವರ ಲೆಕ್ಕದಲ್ಲಿ ಮಕ್ಕಳಾಟ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. "ನಿಮ್ಮ ಸೀರಿ ಹುಬ್ಬಳ್ಳಿ ದಾಟೂದ್ರಾಗ ನಮ್ಮ ಮರಿ ಜರ್ಮನಿ ಮುಟ್ಟಿರ್ತೈತಿ" ಎಂದು ಬಾಯಿ ಮುಚ್ಚಿಸುತ್ತೇನೆ.

ಈ ಮರಿ ಜಪಾನಿನ ಒಂದು ಕಾರ್ಟೂನಿನದು. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ, ಕಂದು ಮೈ, ಬಿಳಿ ಹೊಟ್ಟೆ, ಬೆನ್ನ ಮೇಲೊಂದು ಹಳದಿ ಮಚ್ಚೆ. ಅಮೆರಿಕ, ಜರ್ಮನಿ, ಬ್ರೆಜಿಲ್ ಕಡೆಯ ಅಭಿಮಾನಿಗಳು, ಅದೂ ಮೂವತ್ತು ದಾಟಿದ ಗಂಡಸರು ಹೆಂಗಸರು, ಇದನ್ನು ಬ್ಯಾಗಿಗೆ ತೂಗುಹಾಕಿಕೊಂಡು ಆಫೀಸಿಗೆ ಹೋಗುತ್ತಾರಂತೆ. ಜಪಾನಿನ ಕಂಪನಿಯಿಂದ ಪರವಾನಗಿ ಪಡೆದ ಮುಂಬೈ ವ್ಯಾಪಾರಿಯೊಬ್ಬರು ನಮಗೆ ಬಟ್ಟೆ, ಹತ್ತಿ, ಕಣ್ಣಿಗೆ ಹಚ್ಚುವ ಕರಿ ಬಿಲ್ಲೆ ಎಲ್ಲವನ್ನೂ ಕಳಿಸುತ್ತಾರೆ. ನಾವು ಹೊಲಿದು ಕೊಟ್ಟದ್ದನ್ನು ಅವರು ಹೊರದೇಶಕ್ಕೆ ರವಾನಿಸುತ್ತಾರೆ. ಆ ಅಭಿಮಾನಿಗಳಿಗೆ ನಮ್ಮ ಊರಿನ ಹೆಸರು ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಮಾವನವರು ಇದ್ದಾಗ ನಮ್ಮದು ನೂಲಿನ ಅಂಗಡಿ. ಅವರು ಹೋದಮೇಲೆ ನೂಲು ಕೊಳ್ಳುವವರು ಕಡಿಮೆಯಾದರು, ಅಂಗಡಿ ಮುಚ್ಚಿತು, ನನ್ನ ಗಂಡ ಬನಹಟ್ಟಿಯ ಪವರ್‌ಲೂಮ್ ಒಂದರಲ್ಲಿ ಮೇಸ್ತ್ರಿ ಕೆಲಸ ಹಿಡಿದರು. ಖಾಲಿ ಬಿದ್ದ ಪಡಸಾಲೆಯಲ್ಲಿ ನಾನು ಹೊಲಿಗೆ ಯಂತ್ರಗಳನ್ನು ಇಟ್ಟೆ. ಓಣಿಯ ಏಳು ಹೆಂಗಸರು ಬಂದು ಸೇರಿಕೊಂಡರು. ಮೊದಲು ಸಾಲಿ ಹುಡುಗರ ಅಂಗಿ-ಚಡ್ಡಿ, ಪೆಟಿಕೋಟು. ಆಮೇಲೆ ಯಾರದೋ ಪರಿಚಯದಿಂದ ಈ ಮರಿಗಳು ಬಂದವು. ಮಗ್ಗ ನಿಂತ ತಿಂಗಳುಗಳಲ್ಲಿ ಆ ಏಳು ಮನೆಗಳ ಒಲೆ ಉರಿದದ್ದು ಇವುಗಳ ದೆಸೆಯಿಂದಲೇ.

ನಮ್ಮ ಅತ್ತೆಯ ತವರು ತೇರದಾಳ. ಬಸದಿಗೆ ಹೋಗದೆ ಬಾಯಿಗೆ ನೀರು ಹಾಕದ ಜೈನ ಮನೆತನ. ಎಪ್ಪತ್ತರ ಹತ್ತಿರ ಬಂದರೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದರು. ಹತ್ತಿ ತುಂಬಿದ ಮರಿ ಕೊನೆಗೆ ಅವರ ಕೈಗೆ ಹೋಗುತ್ತಿತ್ತು. ಕಣ್ಣು ಕೂರಿಸಿ, ಒಂದೇ ಎಳೆ ದಾರದಲ್ಲಿ ಬಾಯಿ ಹೊಲಿಯುವುದು ಅವರ ಕೆಲಸ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಚಿಕ್ಕಪಡಸಲಗಿ ಕಡೆ ಹೋದಾಗ ಕೃಷ್ಣೆಯ ದಂಡೆಯಲ್ಲಿ ಖರೇ ನೀರುನಾಯಿಗಳನ್ನು ನೋಡಿದ್ದರಂತೆ. ಹೀಗಾಗಿ ಕಾರ್ಟೂನು ನೋಡದಿದ್ದರೂ ಮರಿಯ ಮುಖ ಅವರಿಗೆ ಗೊತ್ತಿತ್ತು. ಬಾಯಿ ಹೊಲಿದಾದ ಮೇಲೆ ಒಮ್ಮೆ ಎತ್ತಿ ಹಿಡಿದು, "ಆತು ನಿಂದು. ಅಲ್ಲಿ ಹೋಗಿ ಮೀನಾ ತಿನ್ನಬ್ಯಾಡ ಮತ್ತ, ಜೈನರ ಮನ್ಯಾಗ ಹುಟ್ಟಿದಾಂವ ನೀ" ಎನ್ನುತ್ತಿದ್ದರು. ಹೆಂಗಸರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು.

ಹೋದ ವರ್ಷ ಬೇಸಿಗೆಯಲ್ಲಿ ಒಂದು ಕಂತಿನ ಮಾಲು ಕೆಟ್ಟಿತು. ಕಣ್ಣಿನ ಜಾಗ ತೋರಿಸಲು ಮುಂಬೈಯವರು ಕಳಿಸಿದ್ದ ಅಚ್ಚಿನ ಹಾಳೆಯೇ ತುಸು ಓರೆಯಾಗಿತ್ತು. ಒಂದು ಕಣ್ಣು ಅಕ್ಕಿಕಾಳಿನಷ್ಟು ಮೇಲೆ ಹೋಗಿತ್ತು, ಅಷ್ಟೇ. ಆದರೆ ಅಷ್ಟಕ್ಕೇ ಮರಿಯ ಮುಖ ಯಾರನ್ನೋ ಅಣಕಿಸುವಂತೆ ಕಾಣುತ್ತಿತ್ತು. ಬಿಚ್ಚಿ ಮತ್ತೆ ಹೊಲಿಯೋಣವೆಂದರೆ ಆ ಬಟ್ಟೆಯಲ್ಲಿ ಸೂಜಿಯ ತೂತು ಉಳಿಯುತ್ತದೆ. ಮಾಲಿನ ಪರೀಕ್ಷೆಗೆಂದು ಮುಂಬೈಯಿಂದ ಬಂದವನು ಎರಡು ಗೋಣಿಚೀಲದಷ್ಟು ಮರಿಗಳನ್ನು ಬೇರೆ ತೆಗೆದಿಟ್ಟು ಹೋದ. ಮರುದಿನ ವ್ಯಾಪಾರಿಯ ಫೋನು ಬಂತು. ಕೆಟ್ಟ ಮಾಲು ಪೇಟೆಗೆ ಜಾರಬಾರದು, ಜಪಾನಿನವರ ಕರಾರು ಹಾಗಿದೆ. ಒಂದೊಂದನ್ನೂ ಹಣೆಯಿಂದ ಕುತ್ತಿಗೆಯವರೆಗೆ ಎರಡು ಹೋಳು ಮಾಡಬೇಕು, ಅದರ ವಿಡಿಯೋ ತೆಗೆದು ಕಳಿಸಬೇಕು. ವಿಡಿಯೋ ಕೈಸೇರಿದ ಮೇಲೆಯೇ ಮುಂದಿನ ಬಟ್ಟೆ. ಸಾಲಿ ಮಕ್ಕಳಿಗೆ ಹಂಚಲೇ ಎಂದು ಕೇಳಿದೆ, ಸಾಧ್ಯವೇ ಇಲ್ಲ ಎಂದರು.

ನನಗೇನೂ ಅನಿಸಲಿಲ್ಲ. ಊಟ ಮುಗಿಸಿ ದೊಡ್ಡ ಕತ್ತರಿ ಹಿಡಿದು ಚೀಲದ ಮುಂದೆ ಕುಳಿತೆ.

"ಏನ್ ಮಾಡಾಕತ್ತೀ?" ಎಂದರು ಅತ್ತೆ.

ಹೇಳಿದೆ.

"ಕತ್ತರಿ ಕೆಳಗಿಡು ಬೇ ಮೊದಲ."

"ಅತ್ತೀ, ಬಟ್ಟಿ ಅದು. ಒಳಗ ಹತ್ತಿ ಐತಿ."

"ಹಿಟ್ಟಿನ ಕೋಳಿ ಒಳಗ ಏನಿತ್ತು?"

ಹಿಟ್ಟಿನಲ್ಲಿ ಕೋಳಿ ಮಾಡಿ ಅದನ್ನು ಕಡಿದದ್ದಕ್ಕೆ ತಾಯಿ ಮಗ ಜನ್ಮ ಜನ್ಮ ಪ್ರಾಣಿಗಳಾಗಿ ಹುಟ್ಟಿ ಕೊರಳು ಕೊಯ್ಯಿಸಿಕೊಂಡ ಕಥೆಯನ್ನು ಕೇಳದೆ ನಮ್ಮ ಕಡೆಯ ಜೈನ ಮನೆಗಳಲ್ಲಿ ಯಾವ ಮಗುವೂ ಬೆಳೆದಿಲ್ಲ. ನಾನೂ ಕೇಳಿದ್ದೇನೆ. ಪ್ರಾಣಿಯ ಆಕಾರ ಮಾಡಿ, ಪ್ರಾಣಿಯೆಂದು ಕರೆದು, ಆಮೇಲೆ ಕತ್ತಿ ಹಾಕಿದರೆ ಅದು ಕೊಂದಂತೆಯೇ. ಸಕ್ಕರೆಯ ಆನೆ-ಕುದುರೆಗಳನ್ನು ನಮ್ಮ ಮನೆಯಲ್ಲಿ ಕಚ್ಚಿ ತಿನ್ನಗೊಡುತ್ತಿರಲಿಲ್ಲ, ನೀರಲ್ಲಿ ಕರಗಿಸಿ ಕೊಡುತ್ತಿದ್ದರು. ಆದರೆ ಕೇಳಿದ್ದು ಬೇರೆ, ನಂಬುವುದು ಬೇರೆ. ನನಗೆ ಎದುರಿಗಿದ್ದದ್ದು ಎರಡು ಚೀಲ ಕೆಟ್ಟ ಮಾಲು ಮತ್ತು ಕೈಕಟ್ಟಿ ಕುಳಿತ ಏಳು ಹೆಂಗಸರು.

ಆ ಏಳು ಮಂದಿಯಲ್ಲಿ ಹಿರಿಯಳೊಬ್ಬಳಿದ್ದಳು, ನೇಕಾರರ ಮನೆಯಾಕೆ. "ನಾವೇನ್ ಜೈನರಲ್ಲಲ್ರೀ ಅಮ್ಮಾರ, ನಾ ಕತ್ತರಸ್ತೇನಿ ಬಿಡ್ರಿ" ಎಂದಳು. ಅತ್ತೆ ಬೇಡವೆಂದು ತಲೆಯಾಡಿಸಿದರು. "ಮಾಡಿದ್ರೂ ಅಷ್ಟ, ಮಾಡಿಸಿದ್ರೂ ಅಷ್ಟ, ಮಾಡು ಅಂತ ಒಪ್ಪಿಕೊಂಡ್ರೂ ಅಷ್ಟ. ಒಬ್ಬರ ಕೈಲೆ ಮಾಡಿಸಿ ನಾ ತಪ್ಪಿಸ್ಕೊಳ್ಳಾಕ ಬರಂಗಿಲ್ಲವ್ವ." ನಂತರ ನನ್ನ ಕಡೆ ತಿರುಗಿ, "ಈ ಮನ್ಯಾಗ ಕತ್ತರಿ ಬಿತ್ತಂದ್ರ ನಾ ಇಲ್ಲಿ ಹನಿ ನೀರೂ ಮುಟ್ಟಂಗಿಲ್ಲ" ಎಂದರು. ಬೆದರಿಸಲು ಹೇಳಿದ ಮಾತಲ್ಲ. ಅತ್ತೆಗೆ ಬೆದರಿಸಲು ಬರುವುದಿಲ್ಲ. ಹೇಳಿದರೆ ಮಾಡುವವರು, ಅದೇ ನನಗೆ ಭಯ.

ದಾರಿ ಹುಡುಕಿದವರೂ ಅವರೇ. ಹೊಲಿಗೆ ಬಿಚ್ಚಿಬಿಡೋಣ, ನಾವು ಮಾಡಿದ್ದನ್ನು ನಾವೇ ಬಿಚ್ಚಿದರೆ ಬಟ್ಟೆ ಬಟ್ಟೆಯಾಗುತ್ತದೆ, ಹತ್ತಿ ಹತ್ತಿಯಾಗುತ್ತದೆ, ದೋಷವಿಲ್ಲ ಎಂದರು. ವ್ಯಾಪಾರಿಯನ್ನು ಕೇಳಿದೆ. ಬಿಚ್ಚಿದ್ದನ್ನು ಯಾರಾದರೂ ಮತ್ತೆ ಹೊಲಿಯಬಹುದು, ಮುಖ ಹೋಳಾಗಲೇಬೇಕು ಎಂಬ ಉತ್ತರ ಬಂತು. ಹಾಗಾದರೆ ಮೊದಲು ಕಣ್ಣು, ಬಾಯಿ ಬಿಚ್ಚಿ ತೆಗೆಯೋಣ, ಮುಖವೇ ಇಲ್ಲದ ಮೇಲೆ ಅದು ಮರಿಯಲ್ಲ, ಆಗ ಕತ್ತರಿಸಿದರೆ ನಡೆದೀತು ಎಂದರು ಅತ್ತೆ. ಅದಕ್ಕೂ ಮುಂಬೈಯವರು ಒಪ್ಪಲಿಲ್ಲ. ಯಾವ ಮಾಲು ನಾಶವಾಯಿತೆಂದು ಜಪಾನಿನವರಿಗೆ ಗುರುತು ಸಿಗಬೇಕಂತೆ.

ಅಷ್ಟರಲ್ಲಿ ನನ್ನ ತಾಳ್ಮೆ ಮುಗಿದಿತ್ತು. "ಕಣ್ಣ ಕೀಳೂದು ಪಾಪ ಅಲ್ಲ, ಕತ್ತರಸೂದು ಅಷ್ಟ ಪಾಪ ಏನ್ರೀ?" ಎಂದು ಎಲ್ಲರೆದುರು ಕೇಳಿಬಿಟ್ಟೆ. ಅತ್ತೆ ಕೈಯಲ್ಲಿದ್ದ ಮರಿಯನ್ನು ಚೀಲದ ಮೇಲಿಟ್ಟು ಒಳಗೆ ಹೋದರು. ಅವರು ನಿಜವಾಗಿಯೂ ಅದನ್ನೇ ಯೋಚಿಸುತ್ತ ಹೋದರು ಎಂದು ನನಗೆ ಗೊತ್ತಾಯಿತು.

ದಿನಗಳು ಉರುಳಿದವು. ಯಂತ್ರಗಳ ಮೇಲೆ ಬಟ್ಟೆ ಹೊದಿಸಿಟ್ಟೆವು. ಹೆಂಗಸರು ದಿನಾ ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಂತು, "ಬಂತೇನ್ರೀ ಬಟ್ಟಿ?" ಎಂದು ಕೇಳಿ ಹೋಗುತ್ತಿದ್ದರು. ಅತ್ತೆಯ ಮೇಲೆ ಯಾರೂ ಒಂದು ಮಾತು ಆಡಲಿಲ್ಲ. ಆಡಿದ್ದರೆ ಅವರಿಗೆ ಹಗುರಾಗುತ್ತಿತ್ತೇನೋ. ಹಿರಿಯಾಕೆಯ ಮನೆಯಲ್ಲಿ ಗಂಡನ ಮಗ್ಗವೂ ನಿಂತಿತ್ತು. ಅದನ್ನು ಅವಳು ಹೇಳಲಿಲ್ಲ, ಅತ್ತೆಯೇ ಓಣಿಯಲ್ಲಿ ಕೇಳಿಸಿಕೊಂಡು ಬಂದರು. ಆವತ್ತು ಅವರ ಊಟ ಅರ್ಧಕ್ಕೇ ನಿಂತಿತು. ನನ್ನ ಗಂಡ ತಾಯಿಗೂ ಹೂಂ, ಹೆಂಡತಿಗೂ ಹೂಂ ಎಂದು ಬುತ್ತಿ ಕಟ್ಟಿಕೊಂಡು ಬನಹಟ್ಟಿ ದಾರಿ ಹಿಡಿಯುತ್ತಿದ್ದರು. ಅವರ ಮೇಲೂ ನನಗೆ ಸಿಟ್ಟಿತ್ತು, ಆದರೆ ಸಿಟ್ಟು ಮಾಡಿ ಆಗುವುದೇನು?

ಕೊನೆಗೆ ನಾನೇ ತೀರ್ಮಾನ ಮಾಡಿದೆ. ಮುಧೋಳದಲ್ಲಿ ನನ್ನ ಗೆಳತಿಯ ಮನೆಯಿದೆ. ಚೀಲಗಳನ್ನು ಅಲ್ಲಿಗೆ ಒಯ್ದು ಕತ್ತರಿಸಿದರೆ ನಮ್ಮ ಮನೆಯಲ್ಲಿ ಕತ್ತರಿ ಬಿದ್ದಂತಾಗುವುದಿಲ್ಲ, ಅತ್ತೆಯ ಊಟ ನಿಲ್ಲುವುದಿಲ್ಲ. ಮುಚ್ಚುಮರೆ ನನಗೆ ಬರುವುದಿಲ್ಲ, ಬೆಳಗಿನ ಹೊತ್ತು ಅವರ ಮುಂದೆಯೇ ಹೇಳಿದೆ.

"ಯಾರ ಕೈಲೆ?" ಎಂದರು.

"ನನ್ನ ಕೈಲೆ. ನನಗ ಅದು ಬಟ್ಟೀರಿ. ನನಗೇನ ಆಗಂಗಿಲ್ಲ."

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಒಪ್ಪಿದರೆಂದೇ ತಿಳಿದೆ. ನಾಳೆ ಮುಧೋಳಕ್ಕೆ ಹೋಗುವುದೆಂದು ಗೆಳತಿಗೆ ಫೋನು ಮಾಡಿ, ಆವತ್ತು ದಾರದ ಪಾರ್ಸಲ್ ತರಲು ಜಮಖಂಡಿಗೆ ಹೋದೆ.

ಇಳಿಹೊತ್ತಿಗೆ ಮರಳಿ ಬಂದಾಗ ಪಡಸಾಲೆಯಲ್ಲಿ ಹಿರಿಯಾಕೆ ಒಬ್ಬಳೇ ಕುಳಿತಿದ್ದಳು. ಕೈಯಲ್ಲಿ ಫೋನಿತ್ತು, ಕಣ್ಣು ಕೆಂಪಾಗಿದ್ದವು. ಚೀಲಗಳು ಖಾಲಿ. ಗೋಡೆಯ ಬದಿ ಬಿಳಿ ಧೋತರ ಹಾಸಿ, ಅದರ ಮೇಲೆ ಹೋಳಾದ ಮರಿಗಳನ್ನು ಜೋಡಿಸಿಟ್ಟಿದ್ದರು, ಅರ್ಧದ ಪಕ್ಕ ಅದರದೇ ಅರ್ಧ.

"ಅಮ್ಮಾರು ಕರಸಿದ್ರರೀ ನನ್ನ. ವಿಡಿಯೋ ಮಾಡು ಅಂದ್ರು. ನಾ ಕತ್ತರಸ್ತೇನಿ ಅಂದ್ರ ಕತ್ತರಿ ಕೊಡಲಿಲ್ಲ."

ಫೋನಿನಲ್ಲಿ ನೋಡಿದೆ. ಅತ್ತೆ ಬಸದಿಗೆ ಹೋಗುವ ಬಿಳಿ ಸೀರೆಯಲ್ಲಿ ಕುಳಿತಿದ್ದಾರೆ. ಒಂದೊಂದು ಮರಿಯನ್ನೂ ಎತ್ತಿ, ಮುಖ ನೋಡಿ, ಕ್ಷಮಿಸು ಎಂದು ಹೇಳಿ ಕತ್ತರಿ ಹಾಕುತ್ತಾರೆ. ಹತ್ತಿ ದಪ್ಪವಾಗಿ ಕತ್ತರಿ ನಿಂತರೆ ಎರಡೂ ಕೈಯಲ್ಲಿ ಒತ್ತುತ್ತಾರೆ. ಬರಬರುತ್ತ ಧ್ವನಿ ಅಡಗಿ ಬರೀ ತುಟಿ ಅಲುಗುತ್ತದೆ, ಆದರೆ ಒಂದು ಮರಿಗೂ ಕ್ಷಮೆ ಕೇಳುವುದನ್ನು ಬಿಟ್ಟಿಲ್ಲ. ನನಗೆ ಪೂರ್ತಿ ನೋಡಲಾಗಲಿಲ್ಲ.

ಒಳಗೆ ಹೋದರೆ ಅವರು ಸ್ನಾನ ಮಾಡಿ ಬಂದಿದ್ದರು. ಸೂರ್ಯ ಮುಳುಗಲು ಇನ್ನೂ ಹೊತ್ತಿತ್ತು. ತಾವೇ ಮಣೆ ಹಾಕಿಕೊಂಡು ಕುಳಿತು, "ಉಣ್ಣಾಕ ನೀಡು" ಎಂದರು.

ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. "ಯಾಕ ಮಾಡಿದ್ರಿ? ನಾ ಮಾಡ್ತೇನಿ ಅಂದಿದ್ದಿಲ್ಲೇನು? ಕತ್ತರಿ ಬಿದ್ದ ಮನ್ಯಾಗ ಉಣ್ಣಂಗಿಲ್ಲ ಅಂದವ್ರು ಈಗ ಹೆಂಗ ಉಣ್ತೀರಿ?"

"ಮನೀದೇನ ತಪ್ಪೈತಿ ಬೇ? ಮಾಡಿದಾಕಿ ನಾ. ನನ್ನ ಬಿಟ್ಟ ನಾ ಎಲ್ಲಿಗೆ ಹೋಗಿ ಉಣ್ಣಲಿ?" ಎಂದರು. ತಾಟನ್ನು ಹತ್ತಿರ ಎಳೆದುಕೊಂಡು, "ಆ ಹೆಣ್ಣಮಕ್ಕಳು ಉಪವಾಸ ಕೂಡೂದನ್ನ ನೋಡೂದು ಆಗಲಿಲ್ಲ. ನಿನಗ ಇನ್ನೂ ಬಾಳ ಬದುಕೂದೈತಿ, ಈ ಭಾರ ನಿನಗ್ಯಾಕ ಹೊರಸ್ಲಿ. ನಂದೇನು, ಮುಗೀತ ಬಂದೈತಿ" ಎಂದರು. ಅನ್ನದ ಪಕ್ಕ ಬೆಲ್ಲದ ಚೂರು ಇಡಹೋದೆ. ಕೈ ಅಡ್ಡ ಹಿಡಿದರು. ಇನ್ನು ಸಾಯುವತನಕ ಸಿಹಿ ಮುಟ್ಟುವುದಿಲ್ಲ ಎಂದು ಬಸದಿಯಲ್ಲಿ ನೇಮ ಹಿಡಿದು ಬಂದಿದ್ದರು. ಸುತ್ತಲೂ ಕಬ್ಬೇ ಕಬ್ಬು ಬೆಳೆಯುವ ಈ ಸೀಮೆಯಲ್ಲಿ ಅವರಷ್ಟು ಬೆಲ್ಲ ಇಷ್ಟಪಟ್ಟವರನ್ನು ನಾನು ನೋಡಿಲ್ಲ.

ವಿಡಿಯೋ ಕಳಿಸಿದೆ. ಮುಂಬೈಯವರು ನೋಡಿ, ಕೆಲಸ ಅಚ್ಚುಕಟ್ಟಾಗಿದೆ, ಆದರೆ ಮುದುಕಿ ಏನೋ ಗೊಣಗುತ್ತಿದ್ದಾರೆ, ಜಪಾನಿನವರಿಗೆ ಕಳಿಸಲು ಧ್ವನಿ ತೆಗೆದು ಇನ್ನೊಮ್ಮೆ ಕಳಿಸಿ ಎಂದರು. ತೆಗೆದು ಕಳಿಸಿದೆ. ಮುಂದಿನ ವಾರ ಬಟ್ಟೆ ಬಂತು.

ಆ ದಿನದ ಬಗ್ಗೆ ಯೋಚಿಸಿದಾಗೆಲ್ಲ ನನಗೆ ಮೈ ಉರಿಯುತ್ತದೆ. ನಾನು ಕತ್ತರಿಸಿದ್ದರೆ ಬರೀ ಬಟ್ಟೆ ಕತ್ತರಿಸಿದಂತಾಗುತ್ತಿತ್ತು. ಕೈಗೆ ನೋವು ಬಂದು ಸಂಜೆಗೆ ಮರೆತುಹೋಗುತ್ತಿತ್ತು. ಅವರು ಕತ್ತರಿಸಿದ್ದು ಮರಿಗಳನ್ನು. ಏನೂ ನಷ್ಟವಾಗದ ನನ್ನನ್ನು ಉಳಿಸಲು ಅವರು ತಮ್ಮ ಮುಂದಿನ ಜನ್ಮಗಳನ್ನೆಲ್ಲ ಕೊಟ್ಟು ಕುಳಿತರು. ಎಷ್ಟೋ ಸಲ ಹೇಳಿದೆ, ಅತ್ತೀ, ಅದು ಬಟ್ಟೆ, ಪಾಪವಿಲ್ಲ ಎಂದು. "ನಿನಗ ಹಂಗ ಅನಸ್ತೈತಲ್ಲ, ಛಲೋ ಆತು. ಹಂಗ ಇರಲಿ" ಎನ್ನುತ್ತಾರೆ. ಸೂಜಿ ಹಿಡಿಯುವುದನ್ನು ಮಾತ್ರ ಬಿಟ್ಟರು. ಈಗ ಕಣ್ಣು, ಬಾಯಿ ನಾನೇ ಹೊಲಿಯುತ್ತೇನೆ.

ನನ್ನ ಕೈಗೆ ಅವರ ಹದವಿಲ್ಲ. ಅದಕ್ಕೇ ಒಂದೊಂದು ಮರಿಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನೆ, ಅಳೆದು ಅಳೆದು ಸೂಜಿ ಊರುತ್ತೇನೆ. "ಅಕ್ಕಾರು ಪೊಲೀಸಗಿಂತ ಜೋರ ಆಗ್ಯಾರ" ಎಂದು ಹೆಂಗಸರು ಗೊಣಗುತ್ತಾರೆ. ಮುಂಬೈಯವರ ಭಯಕ್ಕೆ ಎಂದುಕೊಂಡಿದ್ದಾರೆ. ನಾನು ಎಲ್ಲಿ ತಪ್ಪಿದರೂ ಅದು ಯಾರ ಲೆಕ್ಕಕ್ಕೆ ಹೋಗುತ್ತದೆ ಎಂದು ಅವರಿಗೆ ಹೇಳಿಲ್ಲ. ಇನ್ನು ಮುಂದೆ ನಾನೇ ಕತ್ತರಿಸುತ್ತೇನೆ ಎಂದು ಹಟ ಹಿಡಿದಿದ್ದೆ. "ಕತ್ತರಿ ಹಿಡದಾಕಿ ನಾ ಇದ್ದೇನಲ್ಲ, ಇನ್ನೊಬ್ಬರ ಕೈ ಯಾಕ ಕೆಡಬೇಕು" ಎಂದು ಅತ್ತೆ ಕತ್ತರಿಯನ್ನು ತಮ್ಮ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾರೆ.

ಮೊನ್ನೆ ಮಧ್ಯಾಹ್ನ ಒಂದು ಮರಿಯ ಕಣ್ಣು ಜಾರಿತು. ಬಿಚ್ಚಿ ಹೊಲಿದೆ, ತೂತು ಕಂಡಿತು. ತೂತಿನ ಸುತ್ತಲಿನ ಬಟ್ಟೆಯ ಜೂಲನ್ನು ಉಗುರಿನಿಂದ ಸವರಿದೆ, ಬಾಚಿದೆ, ಉಗಿ ತೋರಿಸಿದೆ. ಹೋಗಲಿಲ್ಲ. ಅತ್ತೆ ಜಪಮಾಲೆ ಹಿಡಿದು ಎದುರಿಗೇ ಕುಳಿತಿದ್ದರು. ನಾನು ಆ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಮತ್ತೆ ತಿಕ್ಕುತ್ತಲೇ ಇದ್ದೆ. ಅವರು ಮಾಲೆಯನ್ನು ಕೆಳಗಿಟ್ಟು, ಸೆರಗಿನ ತುದಿಯಿಂದ ಪೆಟ್ಟಿಗೆಯ ಬೀಗದ ಕೈ ಬಿಚ್ಚಿಕೊಂಡು, ಕೈ ಚಾಚಿದರು. ನಾನು ಕೊಟ್ಟೆ.